ತರ-ತಮವಿಲ್ಲದ ತಾರತಮ್ಯ: ಥಾಯ್ ಕ್ರಿಯಾವಿಶೇಷಣಗಳಲ್ಲಿ ಹೋಲಿಕೆಯ ದಾರಿ



‘ತಾರತಮ್ಯ’ ಎಂಬ ಪದವನ್ನು ನಾವು ದಿನವೂ ಆಡುತ್ತೇವೆ. ಅದರೊಳಗೆ ಸಂಸ್ಕೃತದ ಎರಡು ಪ್ರತ್ಯಯಗಳು ಕುಳಿತಿವೆ. ಎರಡರಲ್ಲಿ ಒಂದು ಹೆಚ್ಚು ಎನ್ನುವಾಗ ‘ತರ’, ಎಲ್ಲದರಲ್ಲಿ ಒಂದು ಹೆಚ್ಚು ಎನ್ನುವಾಗ ‘ತಮ’. ಲಘು, ಲಘುತರ, ಲಘುತಮ ಎಂದು ಸಂಸ್ಕೃತದ ಪಾಠ ಕಲಿಸಿದರೆ, ಫಾಸ್ಟ್, ಫಾಸ್ಟರ್, ಫಾಸ್ಟೆಸ್ಟ್ ಎಂದು ಇಂಗ್ಲಿಷಿನ ಪಾಠ ಕಲಿಸುತ್ತದೆ. ಹೀಗೆ ಎರಡು ಕಡೆಯಿಂದಲೂ ಒಂದೇ ಚಿತ್ರ ನಮ್ಮ ಮನಸ್ಸಿನಲ್ಲಿ ಅಚ್ಚಾಗಿದೆ: ಹೋಲಿಕೆಯೆಂದರೆ ಮೂರು ಮೆಟ್ಟಿಲು, ಮೆಟ್ಟಿಲು ಏರಿದಂತೆ ಪದದ ತುದಿ ಬದಲಾಗುತ್ತದೆ. ಈ ಚಿತ್ರವನ್ನು ಕೈಯಲ್ಲಿ ಹಿಡಿದು ಥಾಯ್ ಭಾಷೆಯ ಮುಂದೆ ನಿಂತರೆ ಏನು ಕಾಣುತ್ತದೆ, ಏನು ಕಾಣದೆ ಹೋಗುತ್ತದೆ ಎಂಬುದು ಇಂದಿನ ಉಪನ್ಯಾಸದ ವಿಷಯ. ನನ್ನ ವಾದ ಇಷ್ಟು: ಥಾಯ್ ಭಾಷೆಯ ಕ್ರಿಯಾವಿಶೇಷಣಗಳಿಗೆ ತರ-ತಮ ಎಂಬ ರೂಪಭೇದವಿಲ್ಲ. ಆ ಭಾಷೆ ಹೋಲಿಕೆಯನ್ನು ಮೆಟ್ಟಿಲಾಗಿ ಕಾಣುವುದಿಲ್ಲ, ದಾರಿಯಾಗಿ ಕಾಣುತ್ತದೆ. ಮುಂದೆ ಸಾಗುವುದು, ತುದಿ ಮುಟ್ಟುವುದು, ಏರುವುದು, ಇಳಿಯುವುದು ಎಂಬ ಚಲನೆಯ ಮಾತುಗಳೇ ಅಲ್ಲಿ ಹೆಚ್ಚು-ಕಡಿಮೆಯ ಲೆಕ್ಕ ಇಡುತ್ತವೆ. ಇದನ್ನು ಗಮನಿಸದೆ ಬರೆದ ವ್ಯಾಕರಣ ಥಾಯ್ ಭಾಷೆಯನ್ನು ವಿವರಿಸಿದಂತೆ ಕಂಡರೂ ನಿಜವಾಗಿ ಬೇರೊಂದು ಭಾಷೆಯ ನೆರಳನ್ನೇ ವಿವರಿಸುತ್ತಿರುತ್ತದೆ.

ಉದಾಹರಣೆಗಳಿಗೆ ಹೋಗುವ ಮೊದಲು ಉಚ್ಚಾರಣೆಯ ಬಗ್ಗೆ ಒಂದು ಮಾತು. ಥಾಯ್ ಸ್ವರಭಾರದ ಭಾಷೆ, ಅದರಲ್ಲಿ ಐದು ಸ್ವರಭಾರಗಳಿವೆ. ಕನ್ನಡ ಲಿಪಿಯಲ್ಲಿ ‘ಛಾ’ ಎಂದೇ ಬರೆಯಬೇಕಾದ ಉಚ್ಚಾರ ಒಂದು ಸ್ವರದಲ್ಲಿ ಚಹಾ, ಇನ್ನೊಂದು ಸ್ವರದಲ್ಲಿ ‘ನಿಧಾನ’. ಆ ಭೇದವನ್ನು ನಮ್ಮ ಅಕ್ಷರಗಳು ತೋರಿಸಲಾರವು. ಹಾಗೆಯೇ ‘ವಿಂಗ್’, ‘ಲೊಂಗ್’ ಎಂದು ಬರೆದ ಕಡೆ ಕೊನೆಯ ‘ಗ’ಕಾರವನ್ನು ಉಚ್ಚರಿಸಬಾರದು, ‘ಙ್’ ಎಂಬ ಅನುನಾಸಿಕದಲ್ಲೇ ನಿಲ್ಲಿಸಬೇಕು. ಇಲ್ಲಿನ ಬರಹ ಪದಗಳ ಗುರುತಿಗೆ ಮಾತ್ರ, ಅವುಗಳ ರಾಗ ಇಲ್ಲಿಲ್ಲ. ನಮ್ಮ ವಾದಕ್ಕೆ ಬೇಕಾದದ್ದು ಪದಗಳ ಕ್ರಮ ಮತ್ತು ಅರ್ಥ, ಅವೆರಡನ್ನೂ ಕನ್ನಡ ಅಕ್ಷರಗಳಲ್ಲಿ ಹಿಡಿಯಬಹುದು.

‘ಅವನು ಓಡುತ್ತಾನೆ’ ಎನ್ನಲು ‘ಖಾವ್ ವಿಂಗ್’. ‘ಅವನು ವೇಗವಾಗಿ ಓಡುತ್ತಾನೆ’ ಎನ್ನಲು ‘ಖಾವ್ ವಿಂಗ್ ರೆವ್’. ‘ರೆವ್’ ಎಂದರೆ ವೇಗ. ‘ನನಗಿಂತ ವೇಗವಾಗಿ’ ಎನ್ನಲು ‘ಖಾವ್ ವಿಂಗ್ ರೆವ್ ಕ್ವಾ ಛನ್’. ‘ಎಲ್ಲರಿಗಿಂತ ವೇಗವಾಗಿ’ ಎನ್ನಲು ‘ಖಾವ್ ವಿಂಗ್ ರೆವ್ ಥೀ ಸುತ್’. ಮೂರು ವಾಕ್ಯಗಳಲ್ಲೂ ‘ರೆವ್’ ಎಂಬ ಪದ ಒಂದಿಷ್ಟೂ ಅಲುಗಲಿಲ್ಲ. ಅದಕ್ಕೆ ಪ್ರತ್ಯಯ ಹತ್ತಲಿಲ್ಲ, ಅದರ ಸ್ವರ ಬದಲಾಗಲಿಲ್ಲ. ಇಷ್ಟನ್ನು ನೋಡಿ ‘ಕ್ವಾ ಎಂದರೆ ತರ, ಥೀ ಸುತ್ ಎಂದರೆ ತಮ’ ಎಂದು ಕೋಷ್ಟಕ ಬರೆದು ಮುಗಿಸುವುದು ಸುಲಭ. ಭಾಷೆ ಕಲಿಸುವ ಕೈಪಿಡಿಗಳು ಮಾಡುವುದೂ ಸಾಮಾನ್ಯವಾಗಿ ಇದನ್ನೇ. ಆದರೆ ಕೋಷ್ಟಕ ಮುಗಿದಲ್ಲಿ ಪ್ರಶ್ನೆ ಶುರುವಾಗುತ್ತದೆ: ಈ ‘ರೆವ್’ ನಿಜವಾಗಿ ಕ್ರಿಯಾವಿಶೇಷಣವೇ? ಕನ್ನಡದಲ್ಲಿ ‘ವೇಗ’ವನ್ನು ಕ್ರಿಯಾವಿಶೇಷಣ ಮಾಡಲು ‘ಆಗು’ ಎಂಬ ಧಾತುವಿನಿಂದ ಬಂದ ‘ಆಗಿ’ಯನ್ನು ಹಚ್ಚುತ್ತೇವೆ. ಥಾಯ್‌ನಲ್ಲಿ ವೇಗದ ಕಾರಿನ ‘ವೇಗ’, ವೇಗವಾಗಿ ಓಡುವುದರ ‘ವೇಗವಾಗಿ’, ‘ಅವನು ವೇಗದವನು’ ಎನ್ನುವಾಗಿನ ವಿಧೇಯ, ಈ ಮೂರಕ್ಕೂ ಒಂದೇ ‘ರೆವ್’. ‘ಬಗೆ’ ಎಂಬ ಅರ್ಥದ ‘ಯಾಂಗ್’ ಪದವನ್ನು ಮೊದಲಿಗಿಟ್ಟು ‘ಯಾಂಗ್ ರುವತ್ ರೆವ್’, ಅಂದರೆ ‘ತ್ವರಿತ ಬಗೆಯಲ್ಲಿ’, ಎಂದು ಹೇಳುವುದುಂಟು. ಪದವನ್ನು ಇಮ್ಮಡಿಸಿ ‘ರೆವ್ ರೆವ್’, ‘ಛಾ ಛಾ’ ಎನ್ನುವುದೂ ಉಂಟು. ನಮ್ಮ ‘ಬೇಗ ಬೇಗ’, ‘ಮೆಲ್ಲ ಮೆಲ್ಲಗೆ’ಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಆದರೆ ಹೋಲಿಕೆಗೆ ಹೊರಟಾಗ ಇಮ್ಮಡಿ ರೂಪ ಹಿಂದೆ ಸರಿಯುತ್ತದೆ, ಬರಿಯ ‘ರೆವ್’ ಮುಂದೆ ಬರುತ್ತದೆ.

ಈ ಬರಿಯ ‘ರೆವ್’ನ ಸ್ವಭಾವವನ್ನು ತಿಳಿಯಲು ಒಳ್ಳೆಯ ಪರೀಕ್ಷೆ ನಿಷೇಧ. ‘ಅವನು ವೇಗವಾಗಿ ಓಡುವುದಿಲ್ಲ’ ಎನ್ನುವಾಗ ಕನ್ನಡ ನಿಷೇಧವನ್ನು ಕ್ರಿಯಾಪದದ ಮೇಲೆ ಹೊರಿಸುತ್ತದೆ. ‘ಓಡು’ ಎಂಬುದು ‘ಓಡುವುದಿಲ್ಲ’ ಆಗುತ್ತದೆ, ‘ವೇಗವಾಗಿ’ ಹಾಗೆಯೇ ಉಳಿಯುತ್ತದೆ. ಥಾಯ್‌ನಲ್ಲಿ ಕ್ರಿಯಾಪದವನ್ನು ನಿಷೇಧಿಸುವ ಪದ ‘ಮಾಯ್’, ಅದು ಕ್ರಿಯಾಪದದ ಹಿಂದೆಯೇ ನಿಲ್ಲುತ್ತದೆ. ಆದರೆ ಈ ವಾಕ್ಯದಲ್ಲಿ ಅದು ‘ವಿಂಗ್’ ಎಂಬ ಓಟದ ಹಿಂದೆ ನಿಲ್ಲದೆ ‘ರೆವ್’ನ ಹಿಂದೆ ಹೋಗಿ ನಿಲ್ಲುತ್ತದೆ: ‘ಖಾವ್ ವಿಂಗ್ ಮಾಯ್ ರೆವ್’. ಅವನು ಓಡುವುದು ನಿಜ, ಆ ಓಟ ವೇಗದ್ದಲ್ಲ ಎಂದು ಇದರ ಧ್ವನಿ. ‘ವೇಗವಾಗಿ ಓಡುತ್ತಾನೆಯೇ?’ ಎಂದು ಕೇಳಿದರೆ ಒಪ್ಪಿಕೊಳ್ಳುವ ಉತ್ತರವೂ ‘ರೆವ್’ ಎಂಬ ಒಂದೇ ಪದ. ನಿಷೇಧವನ್ನು ಹೊರುವ, ಪ್ರಶ್ನೆಗೆ ಒಂಟಿಯಾಗಿ ನಿಂತು ಉತ್ತರ ಕೊಡುವ ಪದ ಬೇರೊಂದು ಪದದ ಒಡವೆಯಾಗಿರಲಾರದು, ಅದೇ ವಾಕ್ಯದ ಬೆನ್ನುಮೂಳೆ. ಅದರ ಸ್ಥಾನವೂ ಇದನ್ನೇ ಹೇಳುತ್ತದೆ. ‘ಅವನು ನನಗಿಂತ ಚೆನ್ನಾಗಿ ಥಾಯ್ ಮಾತನಾಡುತ್ತಾನೆ’ ಎಂಬುದು ‘ಖಾವ್ ಫೂತ್ ಫಾಸಾ ಥಾಯ್ ಕೆಂಗ್ ಕ್ವಾ ಫೊಮ್’ ಆಗುತ್ತದೆ. ‘ಫೂತ್’ ಎಂದರೆ ಮಾತಾಡು, ‘ಫಾಸಾ’ ನಮ್ಮದೇ ‘ಭಾಷಾ’, ‘ಕೆಂಗ್’ ಎಂದರೆ ನುರಿತ, ‘ಫೊಮ್’ ಕೂಡ ‘ಛನ್’ನಂತೆ ‘ನಾನು’. ಮೊದಲು ಕ್ರಿಯೆ, ನಂತರ ಕರ್ಮ, ಅವೆರಡೂ ಮುಗಿದ ಮೇಲೆ ಗುಣ. ಕ್ರಿಯೆ ನಡೆಯಿತೆಂದು ಮೊದಲು ಹೇಳಿ, ಆಮೇಲೆ ಅದು ಎಂಥದ್ದು ಎಂಬ ತೀರ್ಪನ್ನು ಈ ಭಾಷೆ ಕೊಡುತ್ತದೆ.

ಥಾಯ್ ವ್ಯಾಕರಣಕಾರರು ಇದನ್ನು ಕಾಣದವರಲ್ಲ. ಆಧುನಿಕ ಥಾಯ್ ಶಾಲಾ ವ್ಯಾಕರಣದ ಅಡಿಪಾಯ ಹಾಕಿದ ಫ್ರಾಯಾ ಉಪಕಿತ್ ಸಿಲ್ಪಸಾನ್ (1879–1941) ಅವರ ‘ಲಕ್ ಫಾಸಾ ಥಾಯ್’ ಅಕ್ಷರವಿಧಿ, ವಚೀವಿಭಾಗ, ವಾಕ್ಯಸಂಬಂಧ, ಛಂದೋಲಕ್ಷಣ ಎಂಬ ನಾಲ್ಕು ಭಾಗಗಳಲ್ಲಿದೆ. ಹೆಸರುಗಳನ್ನು ಕೇಳಿದರೆ ಸಾಕು, ಭಾರತದ ಶಾಸ್ತ್ರಪರಂಪರೆ ಎಷ್ಟು ದೂರ ನಡೆದಿದೆ ಎಂಬುದು ಗೊತ್ತಾಗುತ್ತದೆ. ಚೌಕಟ್ಟಿನಲ್ಲಿ ಪಾಳಿ-ಸಂಸ್ಕೃತದ ಛಾಯೆಯೂ ಇಂಗ್ಲಿಷ್ ಶಾಲಾ ವ್ಯಾಕರಣದ ಛಾಯೆಯೂ ಬೆರೆತಿವೆ. ಆದರೂ ಪದಗಳನ್ನು ಏಳು ವರ್ಗ ಮಾಡುವಾಗ ಅವರು ಗುಣವಾಚಕಕ್ಕೊಂದು, ಕ್ರಿಯಾವಿಶೇಷಣಕ್ಕೊಂದು ಎಂದು ಎರಡು ಮನೆ ಕಟ್ಟಲಿಲ್ಲ. ‘ಖಮ್ ವಿಸೇತ್’, ಅಂದರೆ ವಿಶೇಷಣಪದ, ಎಂಬ ಒಂದೇ ಮನೆಯಲ್ಲಿ ಎರಡನ್ನೂ ಇರಿಸಿದರು. ಚೌಕಟ್ಟು ಎರವಲಿನದಾದರೂ ಭಾಷೆ ಒಳಗಿನಿಂದ ಒತ್ತಡ ಹಾಕಿತು ಎಂಬುದಕ್ಕೆ ಇದು ಸಾಕ್ಷಿ. ಭಾಷಾವಿಜ್ಞಾನಿ ಅಮರಾ ಪ್ರಸಿತ್‌ರಥ್‌ಸಿನ್ 2000ದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇನ್ನೂ ಮುಂದೆ ಹೋಗಿ, ಥಾಯ್‌ನಲ್ಲಿ ಗುಣವಾಚಕಗಳೆಂದು ಕರೆಯುವ ಪದಗಳು ಕ್ರಿಯಾಪದಗಳೇ ಎಂದು ವಾದಿಸಿದರು. ಅದನ್ನು ಒಪ್ಪಿದರೆ ನಮ್ಮ ಪ್ರಶ್ನೆಯ ರೂಪವೇ ಬದಲಾಗುತ್ತದೆ. ‘ಕ್ರಿಯಾವಿಶೇಷಣದ ತರ-ತಮ ರೂಪ ಯಾವುದು?’ ಎಂದು ಕೇಳುವ ಬದಲು ‘ಕ್ರಿಯೆಗಳನ್ನು ಪೋಣಿಸುವ ಭಾಷೆ ಹೋಲಿಕೆಯನ್ನು ಹೇಗೆ ಪೋಣಿಸುತ್ತದೆ?’ ಎಂದು ಕೇಳಬೇಕಾಗುತ್ತದೆ.

ಇಲ್ಲಿ ‘ಕ್ವಾ’ ತನ್ನ ಕಥೆ ಹೇಳುತ್ತದೆ. ಇಂದಿನ ಥಾಯ್‌ನಲ್ಲಿ ಅದು ಒಂದು ಪುಟ್ಟ ವ್ಯಾಕರಣಪದ. ಆದರೆ ಅದರ ಬಂಧುಗಳನ್ನು ವಿಚಾರಿಸಿ ನೋಡಿ. ಮ್ಯಾನ್ಮಾರಿನ ಶಾನ್ ಭಾಷೆಯಲ್ಲಿ ‘ಕ್ವಾ’ ಎಂದರೆ ಹೋಗು. ದಕ್ಷಿಣ ಚೀನಾದ ಝುವಾಂಗ್ ಭಾಷೆಯಲ್ಲಿ ಇದರ ಜೋಡಿಪದಕ್ಕೆ ದಾಟು, ಹಾಯ್ದುಹೋಗು ಎಂಬ ಅರ್ಥವೂ ಇದೆ, ಹೋಲಿಕೆಯ ಕೆಲಸವೂ ಇದೆ. ಪಕ್ಕದ ಕ್ಯಾಂಟನೀಸ್ ಭಾಷೆಯಲ್ಲೂ ‘ದಾಟು’ ಎಂಬರ್ಥದ ‘ಗ್ವೊ’ ಪದವನ್ನೇ ಗುಣದ ಮುಂದಿಟ್ಟು ಹೋಲಿಸುತ್ತಾರೆ. ಥಾಯ್‌ನಲ್ಲಿಯೂ ಈ ಹಳೆಯ ಅರ್ಥ ಸತ್ತಿಲ್ಲ. ‘ಸಿಪ್’ ಎಂದರೆ ಹತ್ತು, ‘ಸಿಪ್ ಕ್ವಾ’ ಎಂದರೆ ಹತ್ತು ಚಿಲ್ಲರೆ, ಹತ್ತನ್ನು ದಾಟಿದ್ದು. ‘ಕ್ವಾ ಚ’ ಎಂದು ಕ್ರಿಯೆಯ ಹಿಂದೆ ಬಂದರೆ ‘ಆ ಕೆಲಸ ಆಗುವ ಹೊತ್ತಿಗೆ’ ಎಂಬ ಅರ್ಥ, ನಡುವೆ ಸಾಕಷ್ಟು ಕಾಲ ಸರಿದುಹೋಗುತ್ತದೆ ಎಂಬ ಧ್ವನಿಯೊಂದಿಗೆ. ಗುಣದಲ್ಲಿ ಮುಂದೆ ಹೋಗುವುದು, ಎಣಿಕೆಯಲ್ಲಿ ಮುಂದೆ ಹೋಗುವುದು, ಕಾಲದಲ್ಲಿ ಮುಂದೆ ಹೋಗುವುದು, ಮೂರಕ್ಕೂ ಒಂದೇ ಪದ. ಹೀಗಿರುವಾಗ ‘ವಿಂಗ್ ರೆವ್ ಕ್ವಾ ಛನ್’ ಎಂಬುದನ್ನು ‘ಓಡು, ವೇಗ, ದಾಟು, ನಾನು’ ಎಂದು ಓದುವುದೇ ಅದರ ಒಳಗಟ್ಟಿಗೆ ಹತ್ತಿರ: ಓಟ ವೇಗದ್ದು, ಆ ವೇಗ ನನ್ನನ್ನು ದಾಟಿತು.

ಇದು ಥಾಯ್ ಭಾಷೆಯ ಒಂಟಿ ಚಮತ್ಕಾರವಲ್ಲ. ಲಿಯೊನ್ ಸ್ಟಾಸೆನ್ ಅವರು 1985ರಲ್ಲಿ ಹೋಲಿಕೆಯ ರಚನೆಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಂದು ಮುಖ್ಯ ಮಾತು ಹೇಳಿದರು: ಹೋಲಿಕೆಗೆಂದೇ ಹುಟ್ಟಿದ ರಚನೆ ಭಾಷೆಗಳಲ್ಲಿ ವಿರಳ, ಘಟನೆಗಳನ್ನು ಒಂದರ ಜೊತೆಗೊಂದು ಜೋಡಿಸುವ ರಚನೆಯನ್ನೇ ಹೋಲಿಕೆ ಎರವಲು ಪಡೆಯುತ್ತದೆ. ಅವರೇ ಮುಂದೆ ಪ್ರಪಂಚದ 167 ಭಾಷೆಗಳನ್ನು ನಾಲ್ಕು ಗುಂಪು ಮಾಡಿದಾಗ, ‘ಮೀರು’ ಎಂಬರ್ಥದ ಕ್ರಿಯೆಯಿಂದ ಹೋಲಿಸುವ ಗುಂಪಿಗೆ 33 ಭಾಷೆಗಳು ಬಂದವು. ಥಾಯ್, ವಿಯೆಟ್ನಾಮಿ, ಆಫ್ರಿಕಾದ ಯೊರುಬಾ ಮತ್ತು ಹೌಸಾ ಈ ಬಗೆಯ ಭಾಷೆಗಳು. ಕನ್ನಡದ ಬಗೆ ಬೇರೆ. ನಮ್ಮ ‘ಗಿಂತ’ ಚತುರ್ಥಿ ವಿಭಕ್ತಿಯ ಮೇಲೆ ನಿಲ್ಲುತ್ತದೆ: ‘ನನಗೆ’ ಇದ್ದದ್ದು ‘ನನಗಿಂತ’ ಆಗುತ್ತದೆ. ನಾವು ಒರೆಗಲ್ಲನ್ನು, ಅಂದರೆ ಯಾರೊಡನೆ ಹೋಲಿಸುತ್ತೇವೋ ಅವರನ್ನು, ಮೊದಲು ನೆಲದ ಮೇಲಿಟ್ಟು, ಅಲ್ಲಿಂದ ಗುಣವನ್ನು ಅಳೆಯುತ್ತೇವೆ. ಥಾಯ್ ಜನ ಗುಣವನ್ನು ಮೊದಲು ಓಡಿಸಿ, ಅದು ಯಾರನ್ನು ದಾಟಿತು ಎಂದು ಕೊನೆಗೆ ಹೇಳುತ್ತಾರೆ. ಹಾಗೆಂದು ಅವರ ದಾರಿ ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ‘ಅವನನ್ನು ಮೀರಿಸಿ ಓಡಿದ’, ‘ಹಣಕ್ಕಿಂತ ಮಿಗಿಲು’ ಎನ್ನುವಾಗ ನಮ್ಮ ಮಾತೂ ಕ್ರಿಯೆಯ ದಾರಿ ಹಿಡಿಯುತ್ತದೆ. ನಮಗೆ ಅದು ಅಡ್ಡದಾರಿ, ಅವರಿಗೆ ರಾಜಮಾರ್ಗ.

ಈ ರಾಜಮಾರ್ಗದ ಅನುಕೂಲ ಒಂದು ಗಾದೆಯಲ್ಲಿ ಚೆನ್ನಾಗಿ ಕಾಣುತ್ತದೆ: ‘ಕನ್ ವಾಯ್ ದೀ ಕ್ವಾ ಕೇ’. ಕೆಟ್ಟ ಮೇಲೆ ಸರಿಪಡಿಸುವುದಕ್ಕಿಂತ ಕೆಡದಂತೆ ತಡೆಯುವುದು ಒಳ್ಳೆಯದು ಎಂಬ ಅರ್ಥ. ಕನ್ನಡದಲ್ಲಿ ಹೇಳುವಾಗ ‘ತಡೆಯುವುದು’, ‘ಸರಿಪಡಿಸುವುದು’ ಎಂದು ಎರಡೂ ಕ್ರಿಯೆಗಳನ್ನು ನಾಮಪದ ಮಾಡಿಕೊಳ್ಳಬೇಕಾಯಿತು. ಥಾಯ್‌ಗೆ ಆ ಶ್ರಮವಿಲ್ಲ. ‘ತಡೆ, ಒಳ್ಳೆ, ದಾಟು, ಸರಿಪಡಿಸು’ ಎಂದು ಬರಿಯ ಕ್ರಿಯೆಗಳನ್ನೇ ಸಾಲಾಗಿ ನಿಲ್ಲಿಸಿದರೆ ಹೋಲಿಕೆ ಮುಗಿಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಾಕ್ಯದ ಕೊನೆಯಲ್ಲಿ ‘ದೀ ಕ್ವಾ’ ಎಂದು ಮಾತ್ರ ಸೇರಿಸಿ ಒರೆಗಲ್ಲನ್ನು ಹೇಳದೆ ಬಿಡುವುದು ದಿನಬಳಕೆಯ ಮಾತು. ‘ಪಾಯ್ ದೀ ಕ್ವಾ’ ಎಂದರೆ ಅಕ್ಷರಕ್ಕೆ ‘ಹೋಗು, ಒಳ್ಳೆ, ದಾಟು’, ಭಾವಕ್ಕೆ ‘ಹೋಗೋದೇ ವಾಸಿ’. ಹೋಲಿಕೆ ಇಲ್ಲಿ ನಿರ್ಧಾರವಾಗಿದೆ. ಏನನ್ನು ಬಿಟ್ಟು ಹೋಗುವುದು ಎಂಬುದನ್ನು ಕೇಳುವವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ. ತರ-ತಮದ ಕೋಷ್ಟಕದಲ್ಲಿ ಈ ಬಳಕೆಗೆ ಜಾಗವೇ ಇಲ್ಲ, ಆದರೆ ದಾರಿಯ ಕಲ್ಪನೆಯಲ್ಲಿ ಇದು ಸಹಜವಾಗಿ ಕೂಡುತ್ತದೆ. ಎರಡು ದಾರಿಗಳಲ್ಲಿ ಒಂದು ಇನ್ನೊಂದನ್ನು ದಾಟಿದ ಮೇಲೆ ನಡೆಯುವವನು ಆರಿಸುವುದು ಆ ದಾಟಿದ ದಾರಿಯನ್ನೇ.

ಸಮಾನತೆ ಮತ್ತು ಕೊರತೆಯ ವಿಚಾರಕ್ಕೆ ಬಂದರೆ ಥಾಯ್ ಮತ್ತು ಕನ್ನಡ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತವೆ. ‘ಥಾವ್’ ಎಂದರೆ ಸಮ, ‘ಅಷ್ಟು’. ‘ವಿಂಗ್ ರೆವ್ ಥಾವ್ ಛನ್’ ಎಂದರೆ ನನ್ನಷ್ಟೇ ವೇಗವಾಗಿ ಓಡು. ನನಗಿಂತ ಕಡಿಮೆ ವೇಗ ಎನ್ನಲು ಇಂಗ್ಲಿಷ್ ‘ಲೆಸ್’ ಎಂಬ ಪದವನ್ನು ಸಿದ್ಧವಾಗಿಟ್ಟುಕೊಂಡಿದೆ. ಥಾಯ್‌ನಲ್ಲೂ ‘ನೊಯ್ ಕ್ವಾ’ ಎಂದು ಹೇಳುವ ಮಾರ್ಗವಿದೆ, ಆದರೆ ಆಡುಮಾತಿನ ಒಲವು ಬೇರೆ: ‘ಛಾ ಕ್ವಾ’, ನಿಧಾನದಲ್ಲಿ ದಾಟು, ಅಥವಾ ‘ಮಾಯ್ ರೆವ್ ಥಾವ್’, ಅಷ್ಟು ವೇಗವಲ್ಲ. ನಾವೂ ‘ನನಗಿಂತ ಕಡಿಮೆ ವೇಗವಾಗಿ ಓಡಿದ’ ಎನ್ನುವ ಬದಲು ‘ನನ್ನಷ್ಟು ವೇಗವಾಗಿ ಓಡಲಿಲ್ಲ’ ಎನ್ನುತ್ತೇವಲ್ಲವೇ? ‘ಸಿಪ್ ಪಾಕ್ ವಾ ಮಾಯ್ ಥಾವ್ ತಾ ಹೆನ್’ ಎಂಬ ಥಾಯ್ ಗಾದೆ ಇದಕ್ಕೆ ಚೆಂದದ ಉದಾಹರಣೆ. ಹತ್ತು ಬಾಯಿ ಹೇಳಿದ್ದು ಕಣ್ಣು ಕಂಡದ್ದಕ್ಕೆ ಸಮವಲ್ಲ ಎಂದು ಅದರ ಅರ್ಥ. ಕಂಡದ್ದು ಹೆಚ್ಚು ಎಂದು ಹೇಳದೆ, ಕೇಳಿದ್ದು ಸರಿಗಟ್ಟಲಿಲ್ಲ ಎಂದು ಹೇಳುವುದರಲ್ಲಿ ಹೋಲಿಕೆ ಪೂರ್ಣವಾಗಿದೆ. ದಾರಿಯ ಲೆಕ್ಕದಲ್ಲಿ ಇದು ದಾಟುವುದರ ಇನ್ನೊಂದು ಮುಖ: ಅಲ್ಲಿಯವರೆಗೆ ತಲುಪಲಿಲ್ಲ.

ನನ್ನ ವಾದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ‘ಖುನ್’ ಮತ್ತು ‘ಲೊಂಗ್’ ಎಂಬ ಜೋಡಿ. ‘ಖುನ್’ ಎಂದರೆ ಏರು, ‘ಲೊಂಗ್’ ಎಂದರೆ ಇಳಿ. ಬಸ್ಸು ಹತ್ತುವುದಕ್ಕೂ ಬೆಟ್ಟ ಏರುವುದಕ್ಕೂ ‘ಖುನ್’, ಇಳಿಯುವುದಕ್ಕೆ ‘ಲೊಂಗ್’. ಇಂಗ್ಲಿಷಿನಲ್ಲಿ ‘ಅವನು ಫಾಸ್ಟರ್ ಕೆಲಸ ಮಾಡುತ್ತಿದ್ದಾನೆ’ ಎಂದರೆ ಎರಡು ಅರ್ಥ ಬರಬಹುದು: ಇನ್ನೊಬ್ಬರಿಗಿಂತ ವೇಗವಾಗಿ, ಅಥವಾ ತಾನು ಮೊದಲು ಮಾಡುತ್ತಿದ್ದುದಕ್ಕಿಂತ ವೇಗವಾಗಿ. ಥಾಯ್ ಇವೆರಡನ್ನೂ ಸಾಮಾನ್ಯವಾಗಿ ಬೆರೆಸುವುದಿಲ್ಲ. ಇನ್ನೊಬ್ಬರೊಡನೆ ಹೋಲಿಸಿದರೆ ‘ಥಮ್‌ಙಾನ್ ರೆವ್ ಕ್ವಾ’, ತನ್ನದೇ ನಿನ್ನೆಯೊಡನೆ ಹೋಲಿಸಿದರೆ ‘ಥಮ್‌ಙಾನ್ ರೆವ್ ಖುನ್’. ಮೊದಲನೆಯದು ದಾಟುವುದು, ಎರಡನೆಯದು ಏರುವುದು. ಗುಣ ಬೆಳೆದಾಗ ‘ಖುನ್’, ಕುಗ್ಗಿದಾಗ ‘ಲೊಂಗ್’: ವೇಗ ಏರುತ್ತದೆ, ನಿಧಾನ ಇಳಿಯುತ್ತದೆ. ದನಿ ಜೋರಾಗುವುದು ಏರು, ಮೆಲ್ಲಗಾಗುವುದು ಇಳಿ. ದಪ್ಪವಾಗುವುದು ಏರು, ತೆಳ್ಳಗಾಗುವುದು ಇಳಿ. ಬೆಳಕಾಗುವುದು ಏರು, ಕತ್ತಲಾಗುವುದು ಇಳಿ. ‘ಛಾ ಖುನ್’ ಎನ್ನದೆ ‘ಛಾ ಲೊಂಗ್’ ಎನ್ನಬೇಕು ಎಂಬುದನ್ನು ಯಾವ ತರ-ತಮ ಕೋಷ್ಟಕವೂ ಹೇಳಿಕೊಡಲಾರದು. ನಿಧಾನವೆಂಬುದು ಇಳಿಜಾರಿನ ಗುಣ ಎಂಬ ತಿಳಿವಳಿಕೆ ಮಾತ್ರ ಅದನ್ನು ಹೇಳಿಕೊಡುತ್ತದೆ. ‘ಇನ್ನೂ ಸ್ವಲ್ಪ ನಿಧಾನವಾಗಿ ಮಾತನಾಡಿ’ ಎಂದು ಕೇಳಿಕೊಳ್ಳುವಾಗ ‘ಛಾ ಲೊಂಗ್’ ಎನ್ನಬಹುದು, ‘ಛಾ ಕ್ವಾ ನೀ’ ಎಂದೂ ಹೇಳಬಹುದು. ‘ನೀ’ ಎಂದರೆ ‘ಇದು’. ಈಗಿನ ಮಾತಿನ ವೇಗವನ್ನೇ ಬೆರಳಿಟ್ಟು ತೋರಿಸಿ ‘ಇದನ್ನು ದಾಟಿದ ನಿಧಾನ’ ಎಂದು ಕೇಳುವ ಈ ನಿಖರತೆ ಗಮನಾರ್ಹ.

ಈಗ ತುದಿಗೆ ಬರೋಣ. ‘ಥೀ ಸುತ್’ನಲ್ಲಿ ‘ಸುತ್’ ಎಂದರೆ ಕೊನೆ. ರಸ್ತೆಯ ಕೊನೆಗೂ ಇದೇ ಪದ. ‘ಥೀ’ ಎಂದರೆ ಜಾಗ. ಅದೇ ಪದ ‘ಮೊದಲನೆಯ, ಎರಡನೆಯ’ ಎಂಬ ಕ್ರಮಸಂಖ್ಯೆಗಳನ್ನೂ ಕಟ್ಟುತ್ತದೆ. ‘ವಿಂಗ್ ರೆವ್ ಥೀ ಸುತ್’ ಎಂದರೆ ವೇಗವು ತುದಿಯ ಜಾಗ ಮುಟ್ಟಿದ ಓಟ. ಇದರ ಹಿಂದೆ ‘ಒಳಗೆ’ ಎಂಬ ‘ನಾಯ್’ ಸೇರಿಸಿ ‘ನಾಯ್ ಥೀ ಸುತ್’ ಎಂದರೆ ‘ಕೊನೆಗೂ’. ಕಾಲದ ಕೊನೆ ಮತ್ತು ಗುಣದ ಕೊನೆ ಒಂದೇ ಜಾಗದಲ್ಲಿ ಸಂಧಿಸುತ್ತವೆ. ‘ಸುತ್’ ಒಂಟಿಯಾಗಿ ನಾಮಪದಗಳನ್ನು ಕೂಡಿಕೊಂಡು ಕಟ್ಟುವ ಕ್ರಿಯಾವಿಶೇಷಣಗಳು ಇನ್ನೂ ಸೊಗಸು: ‘ಸುತ್ ರೇಂಗ್’ ಎಂದರೆ ಶಕ್ತಿಯ ಕೊನೆಯವರೆಗೆ, ನಮ್ಮ ‘ಇದ್ದಬದ್ದ ಬಲವನ್ನೆಲ್ಲ ಹಾಕಿ’; ‘ಸುತ್ ಹುವಾ ಚಾಯ್’ ಎಂದರೆ ಹೃದಯದ ಕೊನೆಯವರೆಗೆ; ‘ಸುತ್ ಸಾಯ್ ತಾ’ ಎಂದರೆ ಕಣ್ಣು ಹಾಯುವಷ್ಟು ದೂರ. ಇವು ಮೂರೂ ಅರ್ಥದಲ್ಲಿ ‘ತಮ’ದ ಮಾತುಗಳೇ, ಆದರೆ ಇವುಗಳಲ್ಲಿ ಯಾರೊಡನೆಯೂ ಸ್ಪರ್ಧೆಯಿಲ್ಲ. ತಮಪ್ರತ್ಯಯಕ್ಕೆ ಸುತ್ತ ಒಂದು ಗುಂಪು ಬೇಕು, ಆ ಗುಂಪಿನಲ್ಲಿ ಒಬ್ಬ ಮೇಲೆ ನಿಲ್ಲಬೇಕು. ‘ಸುತ್’ಗೆ ಬೇಕಾದದ್ದು ಒಂದು ದಾರಿ, ಅದಕ್ಕೊಂದು ತುದಿ. ಗುಂಪನ್ನು ಹೇಳಲೇಬೇಕಾದಾಗ ಆಡುಮಾತಿನಲ್ಲಿ ಇನ್ನೊಂದು ರೂಪವಿದೆ: ‘ಕ್ವಾ ಫುವನ್’, ಅಂದರೆ ಗೆಳೆಯರನ್ನು ದಾಟಿ. ಲಾವೋ ಭಾಷೆಯಲ್ಲೂ ಇದರ ಜೋಡಿ ‘ಕ್ವಾ ಮೂ’, ಗುಂಪನ್ನು ದಾಟಿ. ಎಲ್ಲರಿಗಿಂತ ಹೆಚ್ಚು ಎನ್ನಲು ಜೊತೆಗಾರರನ್ನೇ ಒರೆಗಲ್ಲು ಮಾಡುವ ಈ ಬಗೆ ನಮ್ಮ ‘ಎಲ್ಲರಿಗಿಂತ’ಕ್ಕೆ ಬಲು ಹತ್ತಿರ.

ಇನ್ನೊಂದು ಸಾಕ್ಷಿ ನಮ್ಮ ಮನೆಯ ಕಡೆಯಿಂದಲೇ ಬರುತ್ತದೆ. ಸಂಸ್ಕೃತದ ತಮಭಾವದ ಪದಗಳು ಥಾಯ್ ನಾಡಿಗೆ ಹೋಗಿ ನೆಲೆಸಿವೆ. ‘ಜ್ಯೇಷ್ಠ’ ಅಲ್ಲಿ ‘ಛೇತ್ಥಾ’ ಆಗಿ ಅಣ್ಣನನ್ನು ಸೂಚಿಸುತ್ತದೆ, ‘ಕನಿಷ್ಠ’ವು ‘ಕನಿತ್ಥಾ’ ಆಗಿ ತಂಗಿಯನ್ನು ಸೂಚಿಸುತ್ತದೆ. ‘ಉತ್ತಮ’ವು ‘ಉದೊಮ್’ ಆಗಿ, ‘ಸಂಪೂರ್ಣ’ದೊಡನೆ ಸೇರಿ ‘ಉದೊಮ್ ಸೊಮ್‌ಬೂನ್’ ಎಂದರೆ ಫಲವತ್ತಾದ, ಸಮೃದ್ಧ. ಪದಗಳು ಹೋದವು, ಗೌರವವನ್ನೂ ಪಡೆದವು, ಆದರೆ ಅವುಗಳೊಳಗಿನ ‘ಇಷ್ಠ’, ‘ತಮ’ ಪ್ರತ್ಯಯಗಳ ಕೆಲಸ ಅಲ್ಲಿ ನಡೆಯಲಿಲ್ಲ. ಅತ್ಯಂತ ಫಲವತ್ತಾದ ನೆಲ ಎನ್ನಲು ಥಾಯ್ ಜನ ‘ಉದೊಮ್ ಸೊಮ್‌ಬೂನ್ ಥೀ ಸುತ್’ ಎನ್ನಲೇಬೇಕು. ತುದಿಯ ಅರ್ಥ ಬರಬೇಕಾದರೆ ತುದಿಯ ಪದವೇ ಬರಬೇಕು. ಇದನ್ನು ಕೇಳಿ ನಾವು ಆಶ್ಚರ್ಯಪಡಬೇಕಾಗಿಲ್ಲ. ‘ಉತ್ತಮ’ಕ್ಕೆ ನಾವೂ ‘ಅತಿ’ ಹಚ್ಚಿ ‘ಅತ್ಯುತ್ತಮ’ ಮಾಡಿಕೊಂಡೆವು, ‘ಶ್ರೇಷ್ಠ’ಕ್ಕೆ ಮತ್ತೆ ‘ತಮ’ ಹಚ್ಚಿ ‘ಶ್ರೇಷ್ಠತಮ’ ಎಂದೆವು. ಪದವನ್ನು ಕೊಡಬಹುದು, ಪಡೆಯಬಹುದು. ಹೋಲಿಸುವ ಬಗೆಯನ್ನು ಪ್ರತಿ ಭಾಷೆಯೂ ತನ್ನೊಳಗಿನಿಂದಲೇ ಕಟ್ಟಿಕೊಳ್ಳುತ್ತದೆ.

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಎದುರಿಸದೆ ಮುಗಿಸುವುದು ಸರಿಯಲ್ಲ. ಮೊದಲನೆಯದು ಹೀಗೆ: ‘ಕ್ವಾ’ ಹಿಂದೆ ಕ್ರಿಯಾಪದವಾಗಿದ್ದಿರಬಹುದು, ಇಂದು ಹಾಗಿಲ್ಲ. ‘ಖಾವ್ ಕ್ವಾ ಛನ್’ ಎಂದು ‘ಅವನು ನನ್ನ ದಾಟಿದ’ ಎಂಬರ್ಥದಲ್ಲಿ ಇಂದಿನ ಥಾಯ್ ಮಾತುಗಾರ ಹೇಳುವುದಿಲ್ಲ. ಆದ್ದರಿಂದ ಅದು ಸವೆದು ಪ್ರತ್ಯಯವಾಗಿದೆ, ‘ತರ’ಕ್ಕೂ ಅದಕ್ಕೂ ಭೇದವೇನು? ಆಕ್ಷೇಪದ ಮೊದಲ ಅರ್ಧ ಸಂಪೂರ್ಣ ನಿಜ, ಅದನ್ನು ಒಪ್ಪುತ್ತೇನೆ. ಎರಡನೆಯ ಅರ್ಧವನ್ನು ಒಪ್ಪಲಾರೆ. ‘ತರ’ ಗುಣವಾಚಕಕ್ಕೆ ಅಂಟುವ ಪ್ರತ್ಯಯ, ಹತ್ತು ಎಂಬ ಸಂಖ್ಯೆಗೆ ಅದನ್ನು ಹಚ್ಚಿ ‘ಹತ್ತುತರ’ ಎಂದು ಯಾರೂ ಹೇಳುವುದಿಲ್ಲ. ‘ಕ್ವಾ’ ಸಂಖ್ಯೆಯ ಜೊತೆ, ಕಾಲದ ಜೊತೆ, ಗುಣದ ಜೊತೆ ಸಮಾನವಾಗಿ ಓಡಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಪಾಲಿಸುವ ಒಂದು ನಿಯಮವಿದೆ. ‘ಚಹಾಕ್ಕಿಂತ ಕಾಫಿ ಹೆಚ್ಚು ಇಷ್ಟ’ ಎನ್ನುವಾಗ ‘ಛೊಪ್ ಕಾಫೇ ಮಾಕ್ ಕ್ವಾ ಛಾ’ ಎಂದು ‘ಬಹಳ’ ಎಂಬರ್ಥದ ‘ಮಾಕ್’ ಬರುತ್ತದೆ. ‘ರೆವ್’ ತಾನೇ ಅಳತೆಯುಳ್ಳ ಪದ, ಅದಕ್ಕೆ ‘ಮಾಕ್’ನ ಹಂಗಿಲ್ಲ. ‘ಇಷ್ಟಪಡು’ ಎಂಬ ಕ್ರಿಯೆಗೆ ದಾಟುವ ಅಳತೆಯನ್ನು ಹೊರಗಿನಿಂದ ಒದಗಿಸಬೇಕು. ಏನು ದಾಟುತ್ತದೆ ಎಂಬುದನ್ನು ಮೊದಲು ಇಟ್ಟು, ನಂತರ ‘ಕ್ವಾ’ ಇಡಬೇಕು ಎಂಬ ಈ ಕ್ರಮ, ಕ್ರಿಯಾಪದ ಸವೆದು ಹೋದ ಮೇಲೂ ಅದರ ವಾಕ್ಯರಚನೆ ಸವೆದಿಲ್ಲ ಎಂಬುದನ್ನು ತೋರಿಸುತ್ತದೆ. ಹೊಳೆ ಬತ್ತಿದರೂ ಪಾತ್ರ ಉಳಿದಿದೆ, ಮಾತು ಈಗಲೂ ಆ ಪಾತ್ರದಲ್ಲೇ ಹರಿಯುತ್ತದೆ.

ಎರಡನೆಯ ಆಕ್ಷೇಪ ಅಸ್ಪಷ್ಟತೆಯದು. ಗುಣವಾಚಕಕ್ಕೂ ಕ್ರಿಯಾವಿಶೇಷಣಕ್ಕೂ ರೂಪಭೇದವಿಲ್ಲದಿದ್ದರೆ ಅರ್ಥ ಕಲಸಿಹೋಗುವುದಿಲ್ಲವೇ? ‘ಖಪ್ ರೊತ್ ರೆವ್’ ಎಂದರೆ ಕಾರನ್ನು ವೇಗವಾಗಿ ಓಡಿಸು ಎಂದೇ, ವೇಗದ ಕಾರನ್ನು ಓಡಿಸು ಎಂದೇ? ಬರಿಯ ವಾಕ್ಯವನ್ನು ನೋಡಿದರೆ ಎರಡೂ ಆಗಬಹುದು. ಆದರೆ ನಾವು ಚರ್ಚಿಸುತ್ತಿರುವ ಹೋಲಿಕೆಯೇ ಈ ಗಂಟನ್ನು ಬಿಚ್ಚುತ್ತದೆ. ‘ಖಪ್ ರೊತ್ ರೆವ್ ಕ್ವಾ ಛನ್’ ಎಂದಾಗ ದಾಟಿಸಿಕೊಂಡವನು ‘ನಾನು’. ನಾನು ಕಾರಲ್ಲ, ಓಡಿಸುವವನು. ಹಾಗಾಗಿ ಹೋಲಿಕೆ ಓಡಿಸುವ ಬಗೆಯದು ಎಂದು ತಾನಾಗಿ ನಿರ್ಧಾರವಾಗುತ್ತದೆ. ಹೋಲಿಕೆ ಕಾರಿನದೇ ಆಗಬೇಕಿದ್ದರೆ ಥಾಯ್ ಎಣಿಕೆಯ ವರ್ಗಪದವನ್ನು ಕರೆಯುತ್ತದೆ: ‘ರೊತ್ ಖನ್ ಥೀ ರೆವ್ ಕ್ವಾ’, ಹೆಚ್ಚು ವೇಗದ ಆ ಒಂದು ಕಾರು. ‘ಖನ್’ ಎಂಬುದು ವಾಹನಗಳನ್ನು ಎಣಿಸುವ ಪದ. ಅಂದರೆ ಭೇದ ಕಳೆದುಹೋಗಿಲ್ಲ, ಪದದ ಬಾಲದಲ್ಲಿರುವ ಬದಲು ವಾಕ್ಯದ ನಡಿಗೆಯಲ್ಲಿದೆ. ಬಾಲದಲ್ಲಿ ಹುಡುಕಿ ಸಿಗಲಿಲ್ಲವೆಂದು ಭಾಷೆಯಲ್ಲೇ ಇಲ್ಲ ಎನ್ನುವುದು ಹುಡುಕುವವನ ದೋಷ.

ಮೂರನೆಯ ಆಕ್ಷೇಪ ಗಂಭೀರವಾದದ್ದು. ಇವೆಲ್ಲ ರೂಪಕಗಳು, ರೂಪಕಗಳು ಎಲ್ಲ ಭಾಷೆಗಳಲ್ಲೂ ಇವೆ, ಸತ್ತೂ ಹೋಗಿವೆ. ಕನ್ನಡದ ‘ಅತ್ಯಂತ’ವನ್ನೇ ನೋಡಿ: ‘ಅತಿ’ ಎಂದರೆ ಮೀರಿ, ‘ಅಂತ’ ಎಂದರೆ ಕೊನೆ. ಥಾಯ್ ಭಾಷೆ ‘ಕ್ವಾ’ ಮತ್ತು ‘ಸುತ್’ ಎಂದು ಎರಡು ಪದಗಳಲ್ಲಿ ಹೇಳುವುದು ಈ ಒಂದು ಪದದೊಳಗೇ ಇದೆ. ‘ಅತ್ಯಂತ ವೇಗವಾಗಿ’ ಎನ್ನುವಾಗ ಯಾವ ಕನ್ನಡಿಗನೂ ದಾರಿಯನ್ನು ಕಾಣುವುದಿಲ್ಲ. ಹಾಗೆಯೇ ಥಾಯ್ ಜನರೂ ಕಾಣುವುದಿಲ್ಲ. ಅರ್ಥ ಎಲ್ಲೆಡೆ ಒಂದೇ ಆಗಿರುವಾಗ ಮೂರು ಮೆಟ್ಟಿಲ ಕೋಷ್ಟಕದಿಂದ ಏನು ನಷ್ಟ? ಉತ್ತರ ಎರಡು ಭಾಗಗಳಲ್ಲಿದೆ. ‘ಅತ್ಯಂತ’ದ ‘ಅಂತ’ ನಮಗೆ ಸಿದ್ಧವಸ್ತುವಾಗಿ ಬಂದದ್ದು. ‘ಸುತ್’, ‘ಖುನ್’, ‘ಲೊಂಗ್’ಗಳು ಇಂದಿಗೂ ರಸ್ತೆಯ ಕೊನೆಯನ್ನು, ಬಸ್ಸು ಹತ್ತಿಳಿಯುವುದನ್ನು ಹೇಳುವ ಜೀವಂತ ಪದಗಳು, ಹೊಸ ಹೊಸ ಜೋಡಣೆಗಳಲ್ಲಿ ತೊಡಗಿಕೊಂಡಿರುವ ಪದಗಳು. ಎರಡನೆಯದಾಗಿ, ಕೋಷ್ಟಕದ ನಷ್ಟ ಕಾಲ್ಪನಿಕವಲ್ಲ. ‘ತರ’ಕ್ಕೆ ಒಂದೇ ಖಾನೆ ಇಟ್ಟರೆ ‘ರೆವ್ ಕ್ವಾ’ ಮತ್ತು ‘ರೆವ್ ಖುನ್’ ಒಂದರ ಮೇಲೊಂದು ಬಿದ್ದು ಅವುಗಳ ಭೇದ ಅಳಿಸಿಹೋಗುತ್ತದೆ. ಇನ್ನೊಬ್ಬರನ್ನು ದಾಟುವುದೂ ತನ್ನನ್ನು ತಾನು ಏರುವುದೂ ಒಂದೇ ಅಲ್ಲ ಎಂದು ಥಾಯ್ ಭಾಷೆ ಇಷ್ಟು ಸ್ಪಷ್ಟವಾಗಿ ಹೇಳುವಾಗ, ಅದನ್ನು ಒಂದೇ ಖಾನೆಗೆ ತುಂಬುವ ವ್ಯಾಕರಣ ಆ ಭಾಷೆಯ ಜ್ಞಾನವನ್ನು ಕಡಿಮೆ ಮಾಡುತ್ತದೆ. ಕಲಿಯುವವರಿಗೆ ಕೋಷ್ಟಕ ಮೊದಲ ದಿನದ ಊರುಗೋಲಾಗಲಿ, ಅಡ್ಡಿಯಿಲ್ಲ. ಅದನ್ನೇ ಕಾಲೆಂದು ಹೇಳಿಕೊಡಬಾರದು.

ಈ ಮಾತು ಕನ್ನಡದ ಸಭೆಯಲ್ಲಿ ಹೇಳಲು ತಕ್ಕದ್ದು ಎಂಬ ನಂಬಿಕೆ ನನ್ನದು. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದು ನೋಡುವ ಅಭ್ಯಾಸವನ್ನು ಡಿ. ಎನ್. ಶಂಕರ ಭಟ್ ಅವರು ಗಟ್ಟಿಯಾಗಿ ಪ್ರಶ್ನಿಸಿದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಅವರ ಪುಸ್ತಕದ ಹೆಸರೇ ಒಂದು ವಾದ. ಅದೇ ವಿದ್ವಾಂಸರು 1994ರಲ್ಲಿ ಗುಣವಾಚಕವೆಂಬ ವರ್ಗವನ್ನೇ ವಿಷಯವಾಗಿಸಿಕೊಂಡು, ಅದನ್ನು ನಾಮಪದ-ಕ್ರಿಯಾಪದಗಳಿಂದ ಬೇರ್ಪಡಿಸಿ ಗುರುತಿಸುವ ಮಾನದಂಡಗಳೇನು ಎಂಬುದನ್ನು ಹಲವು ಭಾಷೆಗಳ ಆಧಾರದಿಂದ ಇಂಗ್ಲಿಷಿನಲ್ಲಿ ಗ್ರಂಥವಾಗಿ ಬರೆದರು. ತನ್ನ ಭಾಷೆಗೆ ಅದರದೇ ವ್ಯಾಕರಣ ಬೇಕು ಎಂದು ಕೇಳುವವರಿಗೆ ಇನ್ನೊಂದು ಭಾಷೆಗೂ ಅದನ್ನೇ ಕೇಳುವ ಹೊಣೆ ಇರುತ್ತದೆ. ಥಾಯ್ ಭಾಷೆಯನ್ನು ಹತ್ತಿರದಿಂದ ನೋಡುವುದರಿಂದ ನಮಗೆ ಸಿಗುವ ಲಾಭವೂ ಅಲ್ಲೇ ಇದೆ. ‘ಗಿಂತ’, ‘ಅಷ್ಟು’, ‘ಮೀರಿ’, ‘ಮಿಗಿಲು’ ಎಂಬ ನಮ್ಮದೇ ಮಾತುಗಳನ್ನು ತರ-ತಮದ ಕನ್ನಡಕ ತೆಗೆದಿಟ್ಟು ನೋಡುವ ಧೈರ್ಯ ಬರುತ್ತದೆ.

‘ತಾರತಮ್ಯ’ ಎಂಬ ಪದದಿಂದ ಶುರುಮಾಡಿದೆ, ಅಲ್ಲಿಗೇ ಬಂದು ನಿಲ್ಲುತ್ತೇನೆ. ಇಂದು ಆ ಪದ ನಮಗೆ ಹೆಚ್ಚಾಗಿ ಮೇಲು-ಕೀಳಿನ ಅನ್ಯಾಯವನ್ನು ನೆನಪಿಸುತ್ತದೆ. ಆದರೆ ‘ತಾರತಮ್ಯ ಜ್ಞಾನ’ ಎಂದಾಗ ಅದು ವಿವೇಕದ ಹೆಸರು: ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ನೋಡಬಲ್ಲ ಕಣ್ಣು. ತರವೂ ಇಲ್ಲದ, ತಮವೂ ಇಲ್ಲದ ಥಾಯ್ ಭಾಷೆ ದಾಟುವುದನ್ನೂ ಏರುವುದನ್ನೂ ಬೇರ್ಪಡಿಸಿ ಹೇಳಬಲ್ಲದು. ಇನ್ನೊಬ್ಬರನ್ನು ಮೀರುವುದನ್ನೂ ತನ್ನ ಬಲದ ತುದಿ ಮುಟ್ಟುವುದನ್ನೂ ಬೇರ್ಪಡಿಸಿ ಹೇಳಬಲ್ಲದು. ಪ್ರತ್ಯಯಗಳಿಲ್ಲದೆಯೂ ತಾರತಮ್ಯ ಜ್ಞಾನ ಪೂರ್ಣವಾಗಿರಬಹುದು ಎಂಬುದಕ್ಕೆ ಆ ಭಾಷೆಯೇ ಸಾಕ್ಷಿ.